ಉರುಳುವ ಚೆಂಡಿಗೆ ಕಥೆಯ ಭಾರ

ಮನೆಮಂದಿಯೆಲ್ಲ ಕೂತು ಆಡಲಿ ಎಂದು ಮಾಡಿದ ‘ಸೂಪರ್ ಮಂಕಿ ಬಾಲ್ ಅಡ್ವೆಂಚರ್’ ವಿಡಿಯೋ ಗೇಮ್ ಯಾರ ಮನಸ್ಸಿಗೂ ಸರಿಯಾಗಿ ಹತ್ತಲಿಲ್ಲ. 2006ರಲ್ಲಿ ಸೆಗಾ ಕಂಪನಿ ಇದನ್ನು ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ಪಿಎಸ್‌ಪಿಗಳಿಗೆ ತಂದಿತು. ತಯಾರಿಸಿದ ಟ್ರಾವೆಲರ್ಸ್ ಟೇಲ್ಸ್ ತಂಡ ಹಿಂದಿನ ವರ್ಷವಷ್ಟೇ ‘ಲೆಗೋ ಸ್ಟಾರ್ ವಾರ್ಸ್’ ಮಾಡಿ ಹೆಸರು ಗಳಿಸಿತ್ತು. ಹಾಗಿದ್ದೂ ವಿಮರ್ಶಕರು ಇದನ್ನು ಮೆಚ್ಚಲಿಲ್ಲ. ಅವರ ತೀರ್ಪು ಸರಿಯೇ. ಆದರೆ ಆಟ ಎಲ್ಲಿ ಎಡವಿತು ಎಂಬುದು ನನಗೆ ಸ್ಪಷ್ಟವಾದದ್ದು ಆದೋನಿಯಲ್ಲಿ, ಅಕ್ಕನ ಮಗ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದಾಗ.

2001ರಲ್ಲಿ ಬಂದ ಈ ಸರಣಿಯ ಮೊದಲ ಆಟ ಎಷ್ಟು ಸರಳವಾಗಿತ್ತು! ಪಾರದರ್ಶಕ ಚೆಂಡಿನೊಳಗೆ ಒಂದು ಕೋತಿ. ನಾವು ಚೆಂಡನ್ನು ತಳ್ಳುವುದಿಲ್ಲ, ಅದರ ಕೆಳಗಿನ ನೆಲವನ್ನೇ ವಾಲಿಸುತ್ತೇವೆ. ಸಾಮಾನ್ಯವಾಗಿ ಅರುವತ್ತು ಸೆಕೆಂಡು ಸಮಯ, ಬಹಳ ಕಡೆ ತಡೆಗೋಡೆಯೇ ಇಲ್ಲದ ಹಾದಿ. ತಿರುವಿನಲ್ಲಿ ಬಾಳೆಗೊನೆ ಆಸೆ ಹುಟ್ಟಿಸುತ್ತದೆ, ಕೈ ಕೂದಲೆಳೆಯಷ್ಟು ಹೆಚ್ಚು ವಾಲಿದರೂ ಕೋತಿ ಪಾತಾಳಕ್ಕೆ. ಏಕೆ ಬಿದ್ದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಆದೋನಿ ಸುತ್ತಿನ ಕೌತಾಳಂ, ಹೊಳಗುಂದ ಕಡೆಯ ಎರೆ ಭೂಮಿಯಲ್ಲಿ ಗೋಲಿ ಆಡಿದವರಿಗೆ ಈ ಶಿಸ್ತು ಗೊತ್ತು. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಡುತ್ತದೆ. ಗೋಲಿ ಒಳಗೆ ಹೋದರೆ ಕಡ್ಡಿ ಹಾಕಿ ಕೆದಕಿದರೂ ಸಿಗದು. ಅದಕ್ಕೇ ಹುಡುಗರು ತುಳಿದು ಗಟ್ಟಿಯಾದ ಜಾಗ ಹುಡುಕುತ್ತಾರೆ, ಇಳಿಜಾರು ಎತ್ತ ಎಂದು ಕಣ್ಣಲ್ಲೇ ಅಳೆಯುತ್ತಾರೆ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿಯಲ್ಲಿ ಇಂದಿಗೂ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಮಾತೇ ಬೇಡದ ಗೋಲಿಯಾಟಕ್ಕೆ ಅದು ಎಂದೂ ಅಡ್ಡಿಯಾಗಿಲ್ಲ.

‘ಅಡ್ವೆಂಚರ್’ ಎಡವಿದ್ದು ಇಲ್ಲಿಯೇ. ಜಗಳವಾಡುವ ಎರಡು ರಾಜ್ಯ, ಪ್ರೀತಿಸಿದ ರಾಜಕುಮಾರ ರಾಜಕುಮಾರಿ, ಅವರನ್ನು ಒಂದುಗೂಡಿಸಲು ಹೊರಡುವ ಐಐ ಎಂಬ ಕೋತಿ. ಅವರಿವರನ್ನು ಮಾತಾಡಿಸಬೇಕು, ಹೇಳಿದ ಕೆಲಸ ಮಾಡಿಕೊಡಬೇಕು, ಗುಂಡಿಗಳನ್ನು ಕ್ರಮವಾಗಿ ಒತ್ತಿ ಮಂತ್ರ ಹಾಕಬೇಕು. ಪರದೆ ತುಂಬ ಇಂಗ್ಲಿಷ್ ಅಕ್ಷರ. “ಇವ್ರ ಮಾತು ಯಾವಾಗ ಮುಗಿತೈತೆ ಮಾಮಾ?” ಎಂದ ಹುಡುಗ. ನಾನು ಅರ್ಥ ಹೇಳುತ್ತ ಕೂತೆ. ಚೆಂಡು ಸುಮ್ಮನೆ ನಿಂತಿತ್ತು. ಮಾತು ಮುಗಿದ ಮೇಲೂ ಸುಖವಿಲ್ಲ. ಉರುಳುವುದೇ ಸ್ವಭಾವವಾದ ಚೆಂಡನ್ನು ಬಯಲಿನಲ್ಲಿ ಅಲ್ಲಲ್ಲಿ ನಿಲ್ಲಿಸಿ ಕೆಲಸ ಮಾಡಿಸುವುದು ಕೈಗೆ ಬರಿ ಕಿರಿಕಿರಿ.

ಹಳೆಯ ಮಾದರಿಯ ಐವತ್ತು ಹಂತಗಳು ಇದರಲ್ಲೂ ಇವೆ, ಅವು ತಕ್ಕಮಟ್ಟಿಗೆ ಚೆನ್ನಾಗಿವೆ. ‘ಮಂಕಿ ಟಾರ್ಗೆಟ್’ ಅಂತೂ ನಿಜಕ್ಕೂ ಮನೆಮಂದಿಯ ಆಟ: ಇಳಿಜಾರಿನಿಂದ ಹಾರಿದ ಚೆಂಡು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ, ತೇಲಿಸಿಕೊಂಡು ಹೋಗಿ ಗುರಿಯ ಮೇಲೆ ಇಳಿಸಬೇಕು. ಅಡುಗೆ ಬಿಟ್ಟು ಬಂದ ಅಕ್ಕ ಒಂದೂ ಮಾತು ಕೇಳದೆ ಆಡಿದಳು, ಮಗನನ್ನು ಸೋಲಿಸಿಯೂಬಿಟ್ಟಳು.

ಮಕ್ಕಳಿಗೆ ಸುಲಭವಾಗಲಿ ಎಂಬ ಆಸೆ ತಪ್ಪಲ್ಲ. ಇದೇ ಸರಣಿಯ 2021ರ ‘ಬನಾನಾ ಮೇನಿಯಾ’ ಹಳೆಯ ಹಂತಗಳನ್ನೇ ಮತ್ತೆ ತಂದು, ಕಷ್ಟಪಡುವವರಿಗೆ ಸಮಯವನ್ನು ದುಪ್ಪಟ್ಟು ಮಾಡಿಕೊಟ್ಟಿತು, ಬೇಕಾದಾಗ ಚಲನೆಯನ್ನು ನಿಧಾನಿಸುವ ಸೌಲಭ್ಯವನ್ನೂ ಇಟ್ಟಿತು. ವಾಲುವ ನೆಲವನ್ನು ಮಾತ್ರ ಇದ್ದಹಾಗೇ ಬಿಟ್ಟಿತು. ‘ಅಡ್ವೆಂಚರ್’ ತಂಡ ಮಾಡಬೇಕಿದ್ದದ್ದೂ ಅದನ್ನೇ.