ಟ್ರಯಲ್ ಬ್ಲಾಸ್ಟಿಗೆ ಇಷ್ಟೊಂದು ಮರ್ಯಾದೆ ಯಾಕೆ?

ಬೇಬಿ ಬೆಟ್ಟದ ಕಲ್ಲುಗಣಿಯಿಂದ ಕನ್ನಂಬಾಡಿ ಕಟ್ಟೆಗೆ (ಕೆಆರ್‌ಎಸ್) ಧಕ್ಕೆಯಿದೆಯೋ ಇಲ್ಲವೋ ಎಂಬ ಜಗಳವನ್ನು ಮಂಡ್ಯದವರಿಗೆ ಮೊದಲಿಂದ ಹೇಳಬೇಕಿಲ್ಲ. ನನ್ನ ತಕರಾರು ಅದನ್ನು ತೀರ್ಮಾನಿಸಲು ಹಿಡಿದ ದಾರಿಯ ಬಗ್ಗೆ. 2022ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಟ್ರಯಲ್ ಬ್ಲಾಸ್ಟ್, ಅಂದರೆ ಕಂಪನ ಅಳೆಯುವ ಪರೀಕ್ಷಾ ಸ್ಫೋಟ, ಮಾಡಲು ಹೊರಟಾಗ ರೈತರು 'ಗೋ ಬ್ಯಾಕ್' ಎಂದು ಬೀದಿಗಿಳಿದರು. ಅವರನ್ನು ವಿಜ್ಞಾನದ ವಿರೋಧಿಗಳೆಂದು ಜರೆದ ಪಂಡಿತರಿಗೇನೂ ಕೊರತೆಯಿರಲಿಲ್ಲ. ಆ ಪರೀಕ್ಷೆಯಲ್ಲಿ ವಿಜ್ಞಾನ ಎಷ್ಟಿದೆ ಎಂದು ಅವರು ಕೇಳಿಕೊಂಡಂತಿಲ್ಲ.

ಒಂದು ಬ್ಲಾಸ್ಟಿನ ಕಂಪನ ನಿಂತಿರುವುದು ಒಂದೊಂದು ಡಿಲೇಗೆ, ಅಂದರೆ ಕ್ಷಣದ ಅಂತರದಲ್ಲಿ ಸಿಡಿಯುವ ಒಂದೊಂದು ಕಂತಿಗೆ, ಎಷ್ಟು ಕೆಜಿ ಮದ್ದು ಸಿಡಿಯಿತು, ಅಳೆಯುವ ಜಾಗ ಎಷ್ಟು ದೂರ, ನಡುವಿನ ಬಂಡೆ ಎಂಥದು ಎಂಬುದರ ಮೇಲೆ. ಪರೀಕ್ಷೆಯ ದಿನ ಮದ್ದು ಅಳತೆಯದು, ಕುಳಿಯ ಆಳ ಗೊತ್ತಿರುವಂಥದು. ಕ್ವಾರಿಯವರು ನಡುರಾತ್ರಿ ಮೆಗ್ಗರ್ ಬ್ಲಾಸ್ಟ್ ಎಂಬ ಭಾರೀ ಸ್ಫೋಟ ಹೊಡೆದರೆ ಆ ಲೆಕ್ಕ ಯಾರ ಬಳಿ ಇರುತ್ತದೆ? ಅಳತೆ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಯಾವ ಮಿತಿಗೆ ಹೋಲಿಸುವುದು? ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ವಾಸದ ಮನೆಗೆ ಸೆಕೆಂಡಿಗೆ 5 ಮಿಲಿಮೀಟರ್ ಕಂಪನದವರೆಗೆ ಬಿಡುತ್ತದೆ. ಚಾರಿತ್ರಿಕ, ಸೂಕ್ಷ್ಮ ಕಟ್ಟಡಕ್ಕೆ 2. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿ 1932ರ ಹೊತ್ತಿಗೆ ಮುಗಿಸಿದ ಕಟ್ಟೆಗೆ ಯಾವುದು ಅನ್ವಯ? ಇದು ಮೊದಲೇ ಇತ್ಯರ್ಥವಾಗದಿದ್ದರೆ ಒಂದೇ ಅಂಕಿಯನ್ನು ಒಬ್ಬರು ಪಾಸು, ಇನ್ನೊಬ್ಬರು ಫೇಲು ಅನ್ನುತ್ತಾರೆ.

ಇನ್ನು ಹೊಣೆ. ಗುತ್ತಿಗೆ ಕೊಡುವುದು ರಾಜ್ಯದ ಗಣಿ ಇಲಾಖೆ, ಸ್ಫೋಟಕದ ಪರವಾನಗಿ ಕೇಂದ್ರದ ಸಂಸ್ಥೆಯದು. ಪರಿಸರ ಅನುಮತಿ ಕೊಡುವ ರಾಜ್ಯ ಪ್ರಾಧಿಕಾರವನ್ನು ರಚಿಸುವುದು ಕೇಂದ್ರ. ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಸಂಸತ್ತಿನದು; ಜಾರಿಯ ಹೊರೆ ರಾಜ್ಯದ್ದು. ಎಲ್ಲರ ಸಹಿಯೂ ಇರುವ ಕಡತದಲ್ಲಿ ಕೊನೆಗೆ ಕೇಳಲು ಒಬ್ಬರೂ ಸಿಗುವುದಿಲ್ಲ. ಅಳತೆಯ ಮಾತಿಗೇ ಮರಳಿದರೆ, 2018ರಲ್ಲಿ ಕಟ್ಟೆಯ ಸುತ್ತ ಕೇಳಿಬಂದ ಭಾರೀ ಸದ್ದನ್ನು ದಾಖಲಿಸಿದ್ದು ಕೆಆರ್‌ಎಸ್‌ನಲ್ಲಿದ್ದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ. ಸದಾ ಕೂತಿದ್ದ ಆ ಉಪಕರಣದ ಮಾತಿಗಿಂತ, ಬಂದು ಹೋಗುವ ಪರೀಕ್ಷೆಗೆ ಹೆಚ್ಚು ಬೆಲೆ ಯಾಕೆ?

2024ರ ಜನವರಿಯಲ್ಲಿ ಹೈಕೋರ್ಟ್ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಷೇಧಿಸಿತು. ಪರಿಸರವಾದಿ ಮಿತ್ರರು ಆ 20ನ್ನು ಶಾಸನದಂತೆ ಜಪಿಸುವುದೂ ನನಗೆ ಒಪ್ಪಿಗೆಯಿಲ್ಲ. ಅದು ಅಧ್ಯಯನದವರೆಗಿನ ಎಚ್ಚರಿಕೆ, ಅಧ್ಯಯನದ ಫಲವಲ್ಲ. ಆದರೆ ಎಚ್ಚರಿಕೆಯನ್ನು ಸಡಿಲಿಸಲು ಟ್ರಯಲ್ ಬ್ಲಾಸ್ಟಿನ ವರದಿ ಸಾಲದು. ಕಟ್ಟೆಯ ಮೇಲೆ, ಊರುಗಳಲ್ಲಿ ಕಾಯಂ ಮಾಪಕ ಹಾಕಿ, ಮದ್ದಿನ ದಿನದಿನದ ಲೆಕ್ಕವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಅಲ್ಲಿಯವರೆಗೆ ಬೇಬಿ ಬೆಟ್ಟದಲ್ಲಿ ಕುಳಿ ಕೊರೆಯುವುದು ಬೇಡ.