ಆಪ್ತಸಲಹೆಯ ತರಬೇತಿಗೆ ಪ್ರಯೋಗಾಲಯ ಎಲ್ಲಿ?

ಸರಳ ಲೋಲಕದ ಸೂತ್ರವನ್ನು ಬಾಯಿಪಾಠ ಮಾಡಿಸಿ, ಲೋಲಕವನ್ನು ಮುಟ್ಟಿಸದೆಯೇ ವಿದ್ಯಾರ್ಥಿಗೆ ಪ್ರಾಯೋಗಿಕ ಪರೀಕ್ಷೆಯ ಅಂಕ ಕೊಟ್ಟರೆ ಯಾವ ಅಧ್ಯಾಪಕರೂ ಒಪ್ಪುವುದಿಲ್ಲ. ಅಧ್ಯಾಪಕರಿಗೇ ಕೊಡುವ ಆಪ್ತಸಲಹೆಯ ತರಬೇತಿಯಲ್ಲಿ ಮಾತ್ರ ಇದು ಸರಾಗವಾಗಿ ನಡೆದುಹೋಗುತ್ತದೆ. ನಿರ್ದೇಶಿತ, ಅನಿರ್ದೇಶಿತ, ಸಮನ್ವಯ ಎಂದು ಸಲಹೆಯಲ್ಲಿ ಮೂರು ವಿಧ. ಒಂದೊಂದಕ್ಕೂ ವ್ಯಾಖ್ಯೆ, ಹಂತಗಳು, ಗುಣದೋಷಗಳು. ಅನಿರ್ದೇಶಿತ ಸಲಹೆಯ ಮುಂದೆ ಕಾರ್ಲ್ ರೋಜರ್ಸ್ (1902-1987) ಎಂಬ ಹೆಸರು. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಬಿಟ್ಟುಹೋಗಿರುವುದು ರೋಜರ್ಸ್ ಅವರ ಮುಖ್ಯ ಕೆಲಸವೇ.

ಅವರು ಅಳೆಯಲು ಹೊರಟರು. 1940ರ ದಶಕದ ಆರಂಭದಲ್ಲಿ, ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ, ಸಲಹೆಯ ಸಂಭಾಷಣೆಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ತಟ್ಟೆ ಕೆಲವೇ ನಿಮಿಷಗಳಲ್ಲಿ ತುಂಬಿಹೋಗುತ್ತಿದ್ದ ಕಾಲ ಅದು. ಒಬ್ಬ ವ್ಯಕ್ತಿಯೊಡನೆ ನಡೆದ ಎಂಟು ಭೇಟಿಗಳ ಮಾತುಕತೆ 1942ರ ಅವರ ಪುಸ್ತಕದಲ್ಲಿ ಪೂರ್ಣವಾಗಿ ಅಚ್ಚಾಯಿತು. ಶಿಷ್ಯ ಪೋರ್ಟರ್ ಮುದ್ರಿತ ಸಂಭಾಷಣೆಗಳಲ್ಲಿ ಪದಗಳನ್ನೇ ಎಣಿಸಿದರು: ನಿರ್ದೇಶಿತ ಸಲಹೆಗಾರರು ಅನಿರ್ದೇಶಿತರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಮಾತನಾಡಿದ್ದರು. ಮುಂದೆ ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯ ರೋಗಿಗಳ ಮೇಲೆ ತಮ್ಮ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದಾಗ, ಚಿಕಿತ್ಸೆ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1967ರಲ್ಲಿ ಅದನ್ನೂ ಪ್ರಕಟಿಸಿದರು. ಇದು ವಿಜ್ಞಾನದ ನಡೆ. ನಮ್ಮ ಟಿಪ್ಪಣಿಗಳಲ್ಲಿ ಇದರ ಸುಳಿವೂ ಇಲ್ಲ.

'ನಮಗೆ ಇಪ್ಪತ್ತು ವರ್ಷದ ಅನುಭವವಿದೆ, ಮುಖ ನೋಡಿದರೇ ಗೊತ್ತಾಗುತ್ತದೆ' ಎನ್ನುವವರಿಗಾಗಿ ಎರಡು ಅಧ್ಯಯನಗಳು. 2005ರಲ್ಲಿ ಹ್ಯಾನನ್, ಲ್ಯಾಂಬರ್ಟ್ ಮತ್ತು ಸಂಗಡಿಗರು, ತಮ್ಮ ಬಳಿ ಬಂದವರಲ್ಲಿ ಯಾರ ಸ್ಥಿತಿ ಹದಗೆಡಬಹುದೆಂದು ಚಿಕಿತ್ಸಕರನ್ನೇ ಕೇಳಿದರು. ಒಟ್ಟು 550 ಮಂದಿಯಲ್ಲಿ ಹದಗೆಟ್ಟವರು 40. ಚಿಕಿತ್ಸಕರು ಗುರುತಿಸಿದ್ದು 3. ಅದರಲ್ಲಿ ಸರಿಯಾದದ್ದು 1. ಪ್ರತಿ ಭೇಟಿಯಲ್ಲೂ ತುಂಬಿಸಿಕೊಳ್ಳುವ ಒಂದು ಪ್ರಶ್ನಾವಳಿಯ ಅಂಕಗಳು ಇದಕ್ಕಿಂತ ಬಹಳ ಚೆನ್ನಾಗಿ ಎಚ್ಚರಿಸಿದವು. 2016ರ ಇನ್ನೊಂದು ಅಧ್ಯಯನ 170 ಚಿಕಿತ್ಸಕರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅನುಭವ ಹೆಚ್ಚಿದಂತೆ ಸರಾಸರಿ ಫಲಿತಾಂಶ ಉತ್ತಮಗೊಳ್ಳಲಿಲ್ಲ, ತೀರ ಸ್ವಲ್ಪ ಇಳಿಯಿತು. ಉಪಕರಣವನ್ನು ಒಮ್ಮೆಯೂ ಅಂಶಾಂಕನ ಮಾಡದೆ ಇಪ್ಪತ್ತು ವರ್ಷ ಬಳಸಿದರೆ ಆಗುವುದೂ ಇದೇ.

ನಾನೂ ಮೂರು ದಿನದ ಒಂದು ಶಿಬಿರಕ್ಕೆ ಹೋಗಿದ್ದೆ. ಎರಡೂವರೆ ದಿನ ಸ್ಲೈಡುಗಳು. ಕೊನೆಯ ಮಧ್ಯಾಹ್ನ ಪ್ರಮಾಣಪತ್ರ, ಗುಂಪು ಫೋಟೊ. ಊಟದ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬರು ಫೇಲಾದ ವಿದ್ಯಾರ್ಥಿಯಾಗಿ, ನಾನು ಸಲಹೆಗಾರನಾಗಿ ಹತ್ತು ನಿಮಿಷ ಮಾತನಾಡಿ ಫೋನಿನಲ್ಲಿ ಮುದ್ರಿಸಿಕೊಂಡೆವು. ಕೇಳಿದಾಗ ನಾಚಿಕೆಯಾಯಿತು: ಏಳು ನಿಮಿಷ ನನ್ನದೇ ಧ್ವನಿ. ಆ ಶಿಬಿರದಲ್ಲಿ ನಾನು ಕಲಿತದ್ದು ಆ ಹತ್ತು ನಿಮಿಷಗಳಲ್ಲಿ.

ಪರಿಭಾಷೆಯ ಬಗ್ಗೆಯೂ ಒಂದು ಮಾತು. ರೋಜರ್ಸ್ 'ಎಂಪತಿ' ಎಂದದ್ದನ್ನು ಹಲವೆಡೆ 'ಸಹಾನುಭೂತಿ' ಎಂದು ಕನ್ನಡಿಸುತ್ತಾರೆ. ಸಹಾನುಭೂತಿ ಎಂದರೆ ನಮ್ಮಲ್ಲಿ ಮರುಕ. 'ಅಯ್ಯೋ ಪಾಪ' ಎನ್ನಿಸಿಕೊಳ್ಳಲು ಯಾವ ಹುಡುಗನೂ ಮೇಷ್ಟರ ಬಳಿ ಬರುವುದಿಲ್ಲ. 'ಪರಾನುಭೂತಿ' ವಾಸಿ, ಅದೂ ಕಿವಿಗೆ ಒಗ್ಗಬೇಕು.

ಹಾಗಾದರೆ ಸಿದ್ಧಾಂತ ಬೇಡವೇ? ಬೇಕು, ಆದರೆ ಧ್ವನಿಮುದ್ರಣದ ಪಕ್ಕದಲ್ಲಿ. ಶಿಕ್ಷಕರು ಇಬ್ಬಿಬ್ಬರಾಗಿ ಅಭಿನಯಿಸಲಿ, ತಮ್ಮ ಮಾತನ್ನು ತಾವೇ ಎಣಿಸಲಿ, ಅನುಭವಿಯೊಬ್ಬರು ತಿದ್ದಲಿ, ತಿಂಗಳ ಮೇಲೆ ಮತ್ತೆ ಮಾಡಲಿ. ನಿಜವಾದ ವಿದ್ಯಾರ್ಥಿಯ ಮಾತನ್ನು ಮಾತ್ರ ಅಭ್ಯಾಸಕ್ಕೆಂದು ಮುದ್ರಿಸಕೂಡದು. ಶಿಕ್ಷಕ ಚಿಕಿತ್ಸಕನಲ್ಲ ಎಂಬುದೂ ಈ ಅಭ್ಯಾಸದ ಭಾಗವಾಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416 ಅನೇಕ ಸೂಚನಾಫಲಕಗಳ ಮೇಲಿದೆ. ಸಾಯುವ ಮಾತನಾಡುವ ಹುಡುಗಿಯ ಎದುರು ಕುಳಿತು, ಆಕೆಗೆ ತನ್ನನ್ನು ಸಾಗಹಾಕುತ್ತಿದ್ದಾರೆ ಅನ್ನಿಸದಂತೆ ಆ ಸಂಖ್ಯೆಯನ್ನು ಹೇಳುವುದು ಹೇಗೆ ಎಂದು ಆ ಮೂರು ದಿನಗಳಲ್ಲಿ ಯಾರೂ ನಮ್ಮಿಂದ ಒಮ್ಮೆಯೂ ಹೇಳಿಸಿ ನೋಡಲಿಲ್ಲ.