ಬರುವ ವರ್ಷದ ಲೆಕ್ಕ ಕಟ್ಟುವವರು

ರಾಜ್ಯ ಬಜೆಟ್ ಮಂಡನೆಯಾದ ದಿನ ಎಲ್ಲರ ಕಣ್ಣೂ ಹೊಸ ಯೋಜನೆಗಳ ಮೇಲೆ. ನನ್ನ ಮೆಚ್ಚುಗೆ ಅವಕ್ಕೆಲ್ಲ ಆಧಾರವಾದ ಒಂದು ಸಂಖ್ಯೆಗೆ: ಮುಂದಿನ ವರ್ಷ ಎಷ್ಟು ತೆರಿಗೆ ಬಂದೀತು ಎಂಬ ಅಂದಾಜಿಗೆ.

ಅದನ್ನು ಕಟ್ಟುವ ವಿಶ್ಲೇಷಕರು ಒಂದೊಂದು ತೆರಿಗೆಯ ಸ್ವಭಾವವನ್ನೂ ಅರಿತಿರಬೇಕು. ಜಿಎಸ್‌ಟಿ ಜನರ ಖರೀದಿಯೊಂದಿಗೆ ಏರಿಳಿಯುತ್ತದೆ. ಮುದ್ರಾಂಕ ಶುಲ್ಕ ಆಸ್ತಿ ಮಾರಾಟವನ್ನೂ ಮಾರ್ಗಸೂಚಿ ದರವನ್ನೂ ನೆಚ್ಚಿದೆ. ಪೆಟ್ರೋಲ್, ಡೀಸೆಲ್, ಮದ್ಯ ಜಿಎಸ್‌ಟಿಯ ಹೊರಗಿವೆ. ಅವುಗಳ ಲೆಕ್ಕವೇ ಬೇರೆ. ರಾಜ್ಯದ ಆರ್ಥಿಕತೆ ಶೇ 10ರಷ್ಟು ಬೆಳೆದಾಗ ತೆರಿಗೆ ಶೇ 12ರಷ್ಟು ಬೆಳೆದರೆ ಅನುಪಾತ 1.2. ಹಿಂದಿನ ವರ್ಷಗಳ ಇಂಥ ಅನುಪಾತಗಳೇ ಮುಂದಿನ ಅಂದಾಜಿಗೆ ದಾರಿ. ಆದರೆ ಸಹಜ ಬೆಳವಣಿಗೆ ಯಾವುದು, ದರ ಏರಿಸಿದ್ದರಿಂದ ಬಂದ ಹಣ ಯಾವುದು ಎಂದು ಬಿಡಿಸಿ ನೋಡುವುದರಲ್ಲೇ ಅವರ ಜಾಣ್ಮೆಯಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವ್ಯಾಟ್ ಕಾಲದ ಅಂಕಿಅಂಶಗಳ ಸರಣಿಯೇ ಮುರಿಯಿತು. 2020ರ ಲಾಕ್‌ಡೌನ್ ಎಲ್ಲ ಸೂತ್ರಗಳನ್ನೂ ಅಲುಗಾಡಿಸಿತು.

ಅಂದಾಜು ಹಿಗ್ಗಿದರೆ ವರ್ಷದ ನಡುವೆ ಕಾಮಗಾರಿಗಳು ನಿಲ್ಲುತ್ತವೆ, ಇಲ್ಲವೇ ಸಾಲ ಏರುತ್ತದೆ. ಕುಗ್ಗಿದರೆ ಕಟ್ಟಬಹುದಾಗಿದ್ದ ಶಾಲೆ ಬಜೆಟ್‌ನ ಪುಟ ಸೇರುವುದೇ ಇಲ್ಲ. ಆಸೆಗೂ ಅಂಜಿಕೆಗೂ ಬಾಗದೆ, ನಿಜಕ್ಕೆ ಹತ್ತಿರದ ಸಂಖ್ಯೆಯನ್ನು ಸರ್ಕಾರದ ಮುಂದಿಡುವುದು ನಾಡಿಗೆ ಸಲ್ಲಿಸುವ ದೊಡ್ಡ ಸೇವೆ.